ನೆಲ ಜಲ ಗಾಳಿಗಳನ್ನು ಕೆಡಿಸದ ಉದ್ಯಮಗಳಿಗೆ ತೆರಿಗೆಯ ರಿಯಾಯಿತಿ

ರೈತನೊಬ್ಬನು ತನ್ನ ಸ್ವಂತ ಹಣವನ್ನು ವೆಚ್ಚಮಾಡಿ ಬಾವಿಯೊಂದನ್ನು ತೋಡಿಸಿದನೆಂದು ಭಾವಿಸೋಣ. ನೀರು ದೊರೆತು, ಖುಷ್ಕಿಯಾಗಿದ್ದ ಭೂಮಿಯು ಬಾಗಾಯ್ತಾಯಿತು; ಬೆಳೆಯು ಇಮ್ಮಡಿಯಾಯಿತು. ಹೀಗೆ ಹೆಚ್ಚಿದ ಬೆಳೆಯನ್ನು ಕಂಡು ಸರ್ಕಾರದವರು ಒಡನೆಯೇ ಕಂದಾಯವನ್ನು ಏರಿಸಿದರೆ, ಮುಂದೆ ಆ ಊರಿನಲ್ಲಿ ಬಾವಿಯನ್ನು ತೋಡಿಸುವ ಧೈರ್ಯವು ಯಾರಿಗೆ ತಾನೆ ಬಂದೀತು? ಈ ಪ್ರಶ್ನೆಯು ಬಹು ಹಳೆಯದು. ಇದಕ್ಕೆ ದೊರೆತ ಉತ್ತರವೂ ಹಳೆಯದೇ. ೧೮೬೫ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಧಿಸಿದ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕಾಯಿದೆಯು, ರೈತನು ತನ್ನ ಬಂಡವಾಳದಿಂದ ಮಾಡಿಕೊಂಡ ಸುಧಾರಣೆಯನ್ನು ಲೆಕ್ಕಕ್ಕೆ ಹಿಡಿದು ಕಂದಾಯವನ್ನು ಹೆಚ್ಚಿಸಕೂಡದೆಂಬ ತತ್ತ್ವವನ್ನು ಅಂಗೀಕರಿಸಿತು. ಆಗ ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾಂ ಮೊದಲಾದ ಸೀಮೆಗಳ ನಮ್ಮ ಹಿರಿಯರು ಈ ತತ್ತ್ವವನ್ನು ಚೆನ್ನಾಗಿ ಬಲ್ಲವರಾಗಿದ್ದರು. ತಕಾವಿ ಸಾಲಕ್ಕೆ ಸಂಬಂಧಿಸಿದ ೧೮೮೩ರ ಭೂಸುಧಾರಣೆಯ ಸಾಲದ ಕಾಯಿದೆಯಲ್ಲಿಯೂ, ಕೆಲವು ಅಪವಾದಗಳೊಡನೆ, ಇದೇ ನ್ಯಾಯವು ಉಂಟು.

ಒಳ್ಳೆಯ ಕೆಲಸವನ್ನು ಮಾಡಿದವನಿಗೆ ತೆರಿಗೆಯ ಭಾರವು ಹೆಚ್ಚಬಾರದು, ಸಾಧ್ಯವಾದರೆ ಕಡಮೆಯಾಗಬೇಕು ಎಂಬ ಈ ಹಳೆಯ ನ್ಯಾಯವನ್ನೇ ಈಗ ಗಿರಣಿ, ಕಾರ್ಖಾನೆ, ವ್ಯಾಪಾರ ಮೊದಲಾದ ಉದ್ಯಮಗಳಿಗೂ ವಿಸ್ತರಿಸಿದ್ದಾರೆ. ಹೊಗೆಯನ್ನು ತಗ್ಗಿಸುವ, ಕೊಳಕು ನೀರನ್ನು ಶುದ್ಧಿಮಾಡುವ, ಬಿಸಿಲು ಗಾಳಿಗಳಿಂದ ಶಕ್ತಿಯನ್ನು ಪಡೆಯುವ, ಕಸವನ್ನು ಗೊಬ್ಬರವಾಗಿ ಮಾರ್ಪಡಿಸುವ ಉದ್ಯಮಗಳಿಗೆ ತೆರಿಗೆಯಲ್ಲಿ ನಾನಾ ವಿಧವಾದ ರಿಯಾಯಿತಿಗಳು ಏರ್ಪಟ್ಟಿವೆ. ಈ ವಿಷಯವು ಪಟ್ಟಣದ ದೊಡ್ಡ ಕಾರ್ಖಾನೆದಾರರಿಗೆ ಮಾತ್ರ ಸಂಬಂಧಿಸಿದುದೆಂದು ನಮ್ಮ ಗ್ರಾಮಗಳಲ್ಲಿ ಅನೇಕರು ತಿಳಿದಿದ್ದಾರೆ. ಮತ್ತೆ ಕೆಲವರು ಯಂತ್ರಗಳನ್ನು ಮಾರಲು ಬರುವವರ ಮಾತನ್ನು ನಂಬಿ, ತೆರಿಗೆಯ ರಿಯಾಯಿತಿಯೆಂದರೆ ಸರ್ಕಾರದವರು ಕೈಗೆ ಕೊಡುವ ಹಣವೆಂದೇ ಭಾವಿಸಿ, ಸಾಲಮಾಡಿ ಯಂತ್ರವನ್ನು ಕೊಂಡು ಕಷ್ಟಕ್ಕೆ ಸಿಕ್ಕಿಕೊಂಡಿದ್ದಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ಆದುದರಿಂದ ಗ್ರಾಮದ ಮುಖಂಡರಿಗೂ ಜಮೀನಿನ ಒಡೆಯರಿಗೂ ಈ ವಿಷಯವನ್ನು ಸಾಧ್ಯವಾದಷ್ಟು ಸ್ಪಷ್ಟವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

೧. ರಿಯಾಯಿತಿಯ ಸ್ವರೂಪ

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಸಹಾಯಧನವೆಂಬುದು ಬೇರೆ, ತೆರಿಗೆಯ ರಿಯಾಯಿತಿಯೆಂಬುದು ಬೇರೆ. ಸಹಾಯಧನವು ಸರ್ಕಾರದ ಬೊಕ್ಕಸದಿಂದ ಹೊರಗೆ ಬರುವ ಹಣ. ಅದನ್ನು ಪಡೆಯುವವನು ತೆರಿಗೆಯನ್ನು ಕೊಡುವವನಾಗಿರಬೇಕಾದ ಅವಶ್ಯವಿಲ್ಲ. ರಿಯಾಯಿತಿಯಾದರೋ, ಒಬ್ಬನು ಬೊಕ್ಕಸಕ್ಕೆ ಕೊಡಬೇಕಾಗಿದ್ದ ಹಣದಲ್ಲಿ ಒಂದು ಭಾಗವನ್ನು ಬಿಟ್ಟುಬಿಡುವುದು. ಕೊಡಬೇಕಾದುದೇ ಇಲ್ಲದವನಿಗೆ ಬಿಡುವುದೇನು? ಕಂದಾಯವೇ ಇಲ್ಲದ ಇನಾಮು ಭೂಮಿಗೆ ಬರಗಾಲದಲ್ಲಿ ಕಂದಾಯದ ಮಾಫಿಯನ್ನು ಕೊಟ್ಟರೆ ಆಗುವ ಪ್ರಯೋಜನವೆಷ್ಟೋ, ತೆರಿಗೆಯಿಲ್ಲದವನಿಗೆ ತೆರಿಗೆಯ ರಿಯಾಯಿತಿಯಿಂದ ಆಗುವ ಪ್ರಯೋಜನವೂ ಅಷ್ಟೆ. ಈ ಒಂದು ಮಾತನ್ನು ಮರೆತವರೇ ಮೋಸಹೋದವರಲ್ಲಿ ಹೆಚ್ಚು ಮಂದಿ.

ರಿಯಾಯಿತಿಗಳು ಸ್ಥೂಲವಾಗಿ ಮೂರು ವಿಧ. ಯಂತ್ರದ ಬೆಲೆಯನ್ನು ಬೇಗಬೇಗನೆ ಸವಕಳಿಯೆಂದು ಲಾಭದಲ್ಲಿ ಕಳೆಯಲು ಅವಕಾಶಕೊಡುವುದು ಒಂದು. ಕೆಲವು ಬಗೆಯ ಉದ್ಯಮದ ಲಾಭಕ್ಕೆ ಇಂತಿಷ್ಟು ವರ್ಷ ತೆರಿಗೆಯನ್ನು ಬಿಡುವುದು ಎರಡನೆಯದು. ಸಾಮಾನನ್ನು ಕೊಳ್ಳುವಾಗ ಬೆಲೆಯೊಡನೆ ಸೇರುವ ತೆರಿಗೆಯ ದರವನ್ನೇ ಇಳಿಸುವುದು ಮೂರನೆಯದು.

೨. ಯಾರಿಗೆ ಸಲ್ಲುತ್ತದೆ?

ವ್ಯವಸಾಯದ ವರಮಾನವು ಕೇಂದ್ರ ಸರ್ಕಾರದ ವರಮಾನ ತೆರಿಗೆಗೆ ಒಳಪಟ್ಟುದಲ್ಲ. ಆದುದರಿಂದ ಬರಿಯ ಬೇಸಾಯಗಾರನು ತನ್ನ ಗದ್ದೆಗೆ ಸೂರ್ಯಶಕ್ತಿಯ ಪಂಪನ್ನು ಹಾಕಿಸಿದರೆ, ಅವನಿಗೆ ಮೇಲೆ ಹೇಳಿದ ಮೊದಲ ಎರಡು ವಿಧದ ರಿಯಾಯಿತಿಗಳಿಂದ ಏನೂ ದೊರೆಯುವುದಿಲ್ಲ. ಅವನು ನೋಡತಕ್ಕದ್ದು ಸಹಾಯಧನವನ್ನೂ ಮೂರನೆಯ ವಿಧವನ್ನೂ ಮಾತ್ರ.

ಆದರೆ ನಮ್ಮ ಜಮೀನಿನ ಒಡೆಯರಲ್ಲಿ ಅನೇಕರು ಬೇಸಾಯದೊಡನೆ ಬೇರೆ ಉದ್ಯಮವನ್ನೂ ನಡೆಸುತ್ತಾರೆ. ಭತ್ತದ ಗಿರಣಿ, ಎಣ್ಣೆಯ ಗಿರಣಿ, ತೆಂಗಿನ ನಾರಿನ ಕಾರ್ಖಾನೆ, ರೇಷ್ಮೆ ನೂಲು ತೆಗೆಯುವ ಘಟಕ, ಇಟ್ಟಿಗೆಯ ಗೂಡು ಇವುಗಳ ಲಾಭವು ವ್ಯಾಪಾರದ ವರಮಾನವೆನಿಸುತ್ತದೆ. ಕಾಫಿಯ ತೋಟದವರ ವಿಷಯದಲ್ಲಿ ಒಂದು ವಿಶೇಷವುಂಟು. ತಾನೇ ಬೆಳೆದು ತಾನೇ ಹದಮಾಡಿ ಮಾರಿದ ಕಾಫಿಯ ವರಮಾನದಲ್ಲಿ ಶೇಕಡ ೨೫ ಭಾಗವನ್ನೂ, ಬೆಳೆದು, ಹದಮಾಡಿ, ಹುರಿದು, ಪುಡಿಮಾಡಿ ಮಾರಿದರೆ ಶೇಕಡ ೪೦ ಭಾಗವನ್ನೂ ವ್ಯಾಪಾರದ ವರಮಾನವೆಂದು ೧೯೬೨ರ ವರಮಾನ ತೆರಿಗೆಯ ನಿಯಮಗಳು ಎಣಿಸುತ್ತಿದ್ದವು. ಉಳಿದುದು ವ್ಯವಸಾಯದ್ದು. ಇಂಥ ವ್ಯಾಪಾರದ ವರಮಾನವುಳ್ಳವರಿಗೆ ಮಾತ್ರ ಮುಂದೆ ಹೇಳುವ ಸಂಗತಿಗಳು ಅನ್ವಯಿಸುತ್ತವೆ.

ಅವರಲ್ಲಿಯೂ ಎಲ್ಲರಿಗೂ ಅಲ್ಲ. ೨೦೨೫-೨೬ನೆಯ ಸಾಲಿನಿಂದ, ಹೊಸ ಕ್ರಮದಂತೆ ತೆರಿಗೆ ಕೊಡುವ ನಿವಾಸಿ ವ್ಯಕ್ತಿಯ ಸಾಧಾರಣ ವರಮಾನವು ವರ್ಷಕ್ಕೆ ೧೨ ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಅವನು ವರಮಾನ ತೆರಿಗೆಯನ್ನೇ ಕೊಡಬೇಕಾಗಿಲ್ಲ. ಗ್ರಾಮಗಳ ಸಣ್ಣ ಉದ್ಯಮಿಗಳಲ್ಲಿ ಬಹುಮಂದಿ ಈ ಮಿತಿಯ ಒಳಗೇ ಇದ್ದಾರೆ. ಇದಲ್ಲದೆ, ವಿವರವಾದ ಲೆಕ್ಕವನ್ನಿಡದೆ, ವಹಿವಾಟಿನ ಮೊತ್ತದಲ್ಲಿ ಶೇಕಡ ೮ ಭಾಗವನ್ನು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇಕಡ ೬ ಭಾಗವನ್ನು, ಲಾಭವೆಂದು ಒಪ್ಪಿಕೊಂಡು ತೆರಿಗೆ ಕೊಡುವ ಸುಲಭ ಕ್ರಮವೊಂದು ಸಣ್ಣ ವ್ಯಾಪಾರಿಗಳಿಗೆ ಉಂಟಷ್ಟೆ. ಆ ಕ್ರಮವನ್ನು ಅನುಸರಿಸುವವರಿಗೆ ಸವಕಳಿಯು ಮೊದಲೇ ಕಳೆದುಹೋಗಿದೆಯೆಂದು ಕಾಯಿದೆಯು ಭಾವಿಸುತ್ತದೆ. ಅವರು ಯಂತ್ರವನ್ನು ಕೊಂಡುದಕ್ಕಾಗಿ ಪ್ರತ್ಯೇಕವಾಗಿ ಏನನ್ನೂ ಕಳೆಯುವಂತಿಲ್ಲ.

ಹೀಗೆ ಜರಡಿಯಾಡಿದ ಮೇಲೆ ಉಳಿಯುವವರು ಯಾರೆಂದರೆ, ಸರಿಯಾಗಿ ಲೆಕ್ಕವನ್ನಿಟ್ಟು, ತೆರಿಗೆಗೆ ತಕ್ಕ ಲಾಭವನ್ನು ಪಡೆಯುತ್ತಿರುವ ಗಿರಣಿಯ ಮಾಲೀಕರು, ಪಾಲುದಾರಿಕೆಯ ಸಂಸ್ಥೆಗಳು, ಕಂಪೆನಿಗಳು.

೩. ಸವಕಳಿಯ ಲೆಕ್ಕ

ಯಂತ್ರವು ವರ್ಷ ವರ್ಷಕ್ಕೆ ಸವೆಯುತ್ತದೆ. ಸವೆದಷ್ಟು ಬೆಲೆಯನ್ನು ಆ ವರ್ಷದ ಖರ್ಚೆಂದು ಲಾಭದಲ್ಲಿ ಕಳೆದು, ಮಿಕ್ಕುದಕ್ಕೆ ತೆರಿಗೆ ಕೊಡುವುದು ವಾಡಿಕೆ. ಸಾಧಾರಣ ಯಂತ್ರಕ್ಕೆ ಈ ಸವಕಳಿಯು ಶೇಕಡ ೧೫. ಬಿಸಿಲಿನಿಂದ ಬೆಳೆ ಒಣಗಿಸುವ ಯಂತ್ರ, ಸೂರ್ಯಶಕ್ತಿಯ ಪಂಪು, ಗಾಳಿಯಂತ್ರ, ಗೋಬರ್ ಅನಿಲದ ಸ್ಥಾವರ, ವ್ಯವಸಾಯದ ಕಸದಿಂದ ಶಕ್ತಿಯನ್ನು ಉತ್ಪಾದಿಸುವ ಸಾಧನ, ಹೊಗೆಯನ್ನು ಅಥವಾ ಕೊಳಕು ನೀರನ್ನು ಶುದ್ಧಿಮಾಡುವ ನಿಗದಿಯಾದ ಸಲಕರಣೆಗಳು ಇವುಗಳಿಗೆ ಸವಕಳಿಯ ದರವು ಹೆಚ್ಚು. ಹಿಂದೆ ಇವುಗಳಲ್ಲಿ ಕೆಲವಕ್ಕೆ ಶೇಕಡ ೮೦ರಷ್ಟೂ ಕೆಲವಕ್ಕೆ ಪೂರ್ತಿ ೧೦೦ರಷ್ಟೂ ಇದ್ದುದನ್ನು ೨೦೧೭ನೆಯ ಏಪ್ರಿಲ್ ೧ರಿಂದ ಶೇಕಡ ೪೦ಕ್ಕೆ ಇಳಿಸಿದರು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪಾಲುದಾರಿಕೆಯ ಸಂಸ್ಥೆಯೊಂದು ೧೦ ಲಕ್ಷ ರೂಪಾಯಿಗಳಿಗೆ ಬಿಸಿಲಿನಿಂದ ಒಣಗಿಸುವ ಯಂತ್ರವನ್ನು ಕೊಂಡಿತು. ಸಾಧಾರಣ ಯಂತ್ರವಾಗಿದ್ದರೆ ಮೊದಲನೆಯ ವರ್ಷದ ಸವಕಳಿ ೧,೫೦,೦೦೦ ರೂ.; ಎರಡನೆಯ ವರ್ಷ, ಉಳಿದ ೮,೫೦,೦೦೦ ರೂಪಾಯಿಗಳ ಮೇಲೆ ೧,೨೭,೫೦೦ ರೂ. ರಿಯಾಯಿತಿಗೆ ಅರ್ಹವಾದ ಯಂತ್ರವಾದುದರಿಂದ ಮೊದಲನೆಯ ವರ್ಷ ೪,೦೦,೦೦೦ ರೂ.; ಎರಡನೆಯ ವರ್ಷ, ಉಳಿದ ೬,೦೦,೦೦೦ ರೂಪಾಯಿಗಳ ಮೇಲೆ ೨,೪೦,೦೦೦ ರೂ. ಮೊದಲನೆಯ ವರ್ಷದಲ್ಲಿ ಹೆಚ್ಚಾಗಿ ಕಳೆಯಲು ದೊರೆತದ್ದು ೨,೫೦,೦೦೦ ರೂ. ಇಂಥ ಸಂಸ್ಥೆಯು ಕೊಡುವ ತೆರಿಗೆಯ ದರವು ಶೇಕಡ ೩೦. ಆದುದರಿಂದ ಉಳಿತಾಯವಾದ ತೆರಿಗೆಯು, ಉಪಕರವನ್ನು ಬಿಟ್ಟು, ೭೫,೦೦೦ ರೂ.

ಈ ೭೫,೦೦೦ ರೂಪಾಯಿಗಳನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಸಾಧಾರಣ ಯಂತ್ರದ ಬೆಲೆಯೂ ನಿಧಾನವಾಗಿಯಾದರೂ ಸವಕಳಿಯಲ್ಲಿ ಕಳೆದುಹೋಗತಕ್ಕದ್ದೇ. ಆದುದರಿಂದ ಇಲ್ಲಿ ದೊರೆತ ಲಾಭವು ಮುಖ್ಯವಾಗಿ ಕಾಲದ ಲಾಭ. ನಾಳೆ ಕಳೆಯಬೇಕಾದುದನ್ನು ಇಂದೇ ಕಳೆದುಕೊಂಡದ್ದು. ಮುಂದಿನ ವರ್ಷಗಳಲ್ಲಿ ಸವಕಳಿಯು ಕಡಮೆಯಾಗಿ, ತೆರಿಗೆಯು ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಯಂತ್ರದ ಪೂರ್ತಿ ಬೆಲೆಯನ್ನು ಶೇಕಡ ೧೦ರ ಬಡ್ಡಿಗೆ ಸಾಲ ತಂದಿದ್ದರೆ, ಮೊದಲನೆಯ ವರ್ಷದ ಬಡ್ಡಿಯೇ ಸುಮಾರು ೧,೦೦,೦೦೦ ರೂ. ಆಗುತ್ತದೆ. ರಿಯಾಯಿತಿಯು ಒಂದು ವರ್ಷದ ಬಡ್ಡಿಗೂ ಸಾಲದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಯಂತ್ರವು ಸೌದೆಯ ಖರ್ಚನ್ನು ಉಳಿಸಿ, ಮಾಲಿನ ಗುಣವನ್ನು ಹೆಚ್ಚಿಸಿ ತನ್ನ ಸಾಲವನ್ನು ತಾನೇ ತೀರಿಸುವಂತಿದ್ದರೆ ಮಾತ್ರ ಅದನ್ನು ಕೊಳ್ಳತಕ್ಕದ್ದು.

ಇದಕ್ಕೆ ಇನ್ನೂ ಎರಡು ನಿಬಂಧನೆಗಳುಂಟು. ಯಂತ್ರವನ್ನು ಕೊಂಡ ವರ್ಷದಲ್ಲಿ ೧೮೦ ದಿವಸಗಳಿಗಿಂತ ಕಡಮೆ ಕಾಲ ಉಪಯೋಗಿಸಿದ್ದರೆ, ಆ ವರ್ಷಕ್ಕೆ ಸವಕಳಿಯಲ್ಲಿ ಅರ್ಧ ಮಾತ್ರ ದೊರೆಯುತ್ತದೆ. ಅಂದರೆ ಅಕ್ಟೋಬರು ತಿಂಗಳ ಮೊದಲ ದಿನಗಳು ಕಳೆದ ಮೇಲೆ ಕೆಲಸಕ್ಕೆ ಹೂಡಿದ ಯಂತ್ರಕ್ಕೆ ಶೇಕಡ ೨೦ ಮಾತ್ರ. ಎರಡನೆಯದಾಗಿ, ಯಂತ್ರಕ್ಕಾಗಿ ಸರ್ಕಾರದಿಂದ ಸಹಾಯಧನವನ್ನು ಪಡೆದಿದ್ದರೆ, ಆ ಮೊಬಲಗನ್ನು ಬೆಲೆಯಲ್ಲಿ ಕಳೆದು, ಉಳಿದುದಕ್ಕೆ ಮಾತ್ರ ಸವಕಳಿಯನ್ನು ಲೆಕ್ಕಹಾಕುತ್ತಾರೆ. ೧೦ ಲಕ್ಷದ ಯಂತ್ರಕ್ಕೆ ೩ ಲಕ್ಷ ಸಹಾಯಧನವು ದೊರೆತಿದ್ದರೆ ಸವಕಳಿಯು ೭ ಲಕ್ಷಕ್ಕೆ ಮಾತ್ರ.

೪. ಕಸದಿಂದ ಬರುವ ಲಾಭಕ್ಕೆ ವಿನಾಯಿತಿ

ಕೊಳೆಯುವ ಕಸವನ್ನು ಸಂಗ್ರಹಿಸಿ, ಅದರಿಂದ ವಿದ್ಯುಚ್ಛಕ್ತಿ, ಜೈವಿಕ ಗೊಬ್ಬರ, ಜೈವಿಕ ಕೀಟನಾಶಕ, ಅನಿಲ, ಉರುವಲಿನ ಇಟ್ಟಿಗೆ, ಸಾವಯವ ಗೊಬ್ಬರ ಇವುಗಳನ್ನು ಮಾಡುವ ಉದ್ಯಮದ ಪೂರ್ತಿ ಲಾಭವನ್ನು, ಉದ್ಯಮವು ಆರಂಭವಾದ ವರ್ಷದಿಂದ ಮೊದಲ್ಗೊಂಡು ಎಡೆಬಿಡದೆ ಐದು ವರ್ಷ, ತೆರಿಗೆಯ ಲೆಕ್ಕದಿಂದ ಬಿಡಬಹುದೆಂದು ಏರ್ಪಾಡಾಯಿತು. ತೆಂಗಿನ ನಾರಿನ ಹುಡಿ, ಸಗಣಿ, ಮಾರುಕಟ್ಟೆಯ ಕೊಳೆತ ತರಕಾರಿ ಮೊದಲಾದವು ಹೇರಳವಾಗಿ ದೊರೆಯುವ ನಮ್ಮ ಗ್ರಾಮಗಳಿಗೆ ಇದು ಬಹಳ ಅನುಕೂಲವಾದ ಏರ್ಪಾಡು. ಆದರೂ ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸತಕ್ಕದ್ದು.

ಮೊದಲನೆಯದು: ಐದು ವರ್ಷಗಳ ಎಣಿಕೆಯು ಲಾಭ ಬಂದ ವರ್ಷದಿಂದಲ್ಲ, ಉದ್ಯಮವನ್ನು ಆರಂಭಿಸಿದ ವರ್ಷದಿಂದ. ಮೊದಲ ಎರಡು ವರ್ಷ ನಷ್ಟವಾದರೆ ಆ ಎರಡು ವರ್ಷಗಳ ವಿನಾಯಿತಿಯು ವ್ಯರ್ಥವಾಗುತ್ತದೆ. ಆದುದರಿಂದ ಕಚ್ಚಾ ಮಾಲು, ಜಾಗ, ಮಾರಾಟದ ಏರ್ಪಾಡು ಇವೆಲ್ಲವೂ ಸಿದ್ಧವಾದ ಮೇಲೆ ಕೆಲಸವನ್ನು ಆರಂಭಿಸುವುದು ಲೇಸು.

ಎರಡನೆಯದು: ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ತೆರಿಗೆಯಲ್ಲಿ ಹಳೆಯ ಕ್ರಮ, ಹೊಸ ಕ್ರಮ ಎಂದು ಎರಡುಂಟು. ೨೦೨೩-೨೪ನೆಯ ಸಾಲಿನಿಂದ, ಬೇರೆ ಹೇಳದೆ ಇದ್ದವರನ್ನು ಹೊಸ ಕ್ರಮಕ್ಕೆ ಸೇರಿದವರೆಂದೇ ಎಣಿಸುತ್ತಾರೆ. ಹೊಸ ಕ್ರಮದಲ್ಲಿ ತೆರಿಗೆಯ ದರಗಳು ಕಡಮೆ. ಆದರೆ ಕಸದ ಉದ್ಯಮಕ್ಕೆ ಕೊಟ್ಟ ಈ ವಿನಾಯಿತಿಯು ಅದರಲ್ಲಿ ಸಲ್ಲುವುದಿಲ್ಲ. ಹಳೆಯ ಕ್ರಮವನ್ನು ಆರಿಸಿಕೊಂಡರೆ ಒಟ್ಟು ತೆರಿಗೆಯು ಹೆಚ್ಚುವುದೋ ಕಡಮೆಯಾಗುವುದೋ ಎಂಬುದನ್ನು ಎರಡು ರೀತಿಯಲ್ಲಿಯೂ ಲೆಕ್ಕಹಾಕಿ ನೋಡಿಯೇ ನಿರ್ಧರಿಸಬೇಕು. ಪಾಲುದಾರಿಕೆಯ ಸಂಸ್ಥೆಗೆ ಈ ಎರಡು ಕ್ರಮಗಳ ತೊಡಕಿಲ್ಲ. ಆದರೆ ಅಂಥ ಸಂಸ್ಥೆಯು ಇಂಥ ವಿನಾಯಿತಿಯನ್ನು ಪಡೆದಾಗಲೂ ಒಂದು ಕನಿಷ್ಠ ತೆರಿಗೆಯನ್ನು ಕೊಡಬೇಕಾದ ವಿಧಿಯು ೧೯೬೧ರ ಕಾಯಿದೆಯಲ್ಲಿ ಇತ್ತು. ಅದರ ದರವು ಶೇಕಡ ೧೮½. ಹಾಗೆ ಕೊಟ್ಟುದನ್ನು ಮುಂದಿನ ವರ್ಷಗಳ ತೆರಿಗೆಯಲ್ಲಿ ವಜಾ ಹಾಕಿಕೊಳ್ಳಲು ಅವಕಾಶವಿತ್ತು.

ಮೂರನೆಯದು: ತೆರಿಗೆಯ ವಿವರಪಟ್ಟಿಯನ್ನು ವಾಯಿದೆಯ ಒಳಗೆ ಸಲ್ಲಿಸದವರಿಗೆ ಈ ವಿನಾಯಿತಿಯು ತಪ್ಪಿಹೋಗುತ್ತದೆ. ಬೇರೆ ಉದ್ಯಮವನ್ನೂ ನಡೆಸುವವರು ಗೊಬ್ಬರದ ಉದ್ಯಮಕ್ಕೆ ಪ್ರತ್ಯೇಕವಾದ ಲೆಕ್ಕವನ್ನಿಡುವುದು ಅವಶ್ಯಕ.

ಇಲ್ಲಿ ಕಲಮುಗಳ ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಕೊಟ್ಟಿಲ್ಲ. ೧೯೬೧ರ ಕಾಯಿದೆಯ ಸ್ಥಾನದಲ್ಲಿ ೨೦೨೬ನೆಯ ಏಪ್ರಿಲ್ ೧ರಿಂದ ಜಾರಿಗೆ ಬರುವಂತೆ ೨೦೨೫ರ ವರಮಾನ ತೆರಿಗೆಯ ಕಾಯಿದೆಯನ್ನು ವಿಧಿಸಿರುವುದರಿಂದ ಸಂಖ್ಯೆಗಳು ಬದಲಾಯಿಸಿವೆ. ಹಳೆಯ ಸಂಖ್ಯೆಗಳನ್ನು ಬಾಯಿಪಾಠಮಾಡಿಕೊಂಡು ಬಂದು ಭರವಸೆ ಕೊಡುವವರ ಮಾತನ್ನು ಪರೀಕ್ಷಿಸದೆ ನಂಬಬಾರದು.

೫. ಕೊಳ್ಳುವಾಗಲೇ ದೊರೆಯುವ ಇಳಿತ

ಮೂರನೆಯ ವಿಧವು ಎಲ್ಲರಿಗಿಂತ ಬಡವನಿಗೂ ತಲಪುವಂಥದು. ಸೂರ್ಯಶಕ್ತಿಯ ಸಾಧನಗಳು, ಗಾಳಿಯಂತ್ರ, ಗೋಬರ್ ಅನಿಲದ ಸ್ಥಾವರ, ಕಸದಿಂದ ಶಕ್ತಿಯನ್ನು ಪಡೆಯುವ ಸ್ಥಾವರ ಇವುಗಳ ಮೇಲೆ ೨೦೨೧ನೆಯ ಅಕ್ಟೋಬರಿನಿಂದ ಶೇಕಡ ೧೨ ಇದ್ದ ಸರಕು ಮತ್ತು ಸೇವಾ ತೆರಿಗೆಯನ್ನು, ೨೦೨೫ನೆಯ ಸೆಪ್ಟೆಂಬರು ೨೨ರಿಂದ ಶೇಕಡ ೫ಕ್ಕೆ ಇಳಿಸಿದರು. ಹನಿ ನೀರಾವರಿ, ತುಂತುರು ನೀರಾವರಿಯ ಸಲಕರಣೆಗಳಿಗೂ, ಹೆಸರಿಸಿದ ಹನ್ನೆರಡು ಜೈವಿಕ ಕೀಟನಾಶಕಗಳಿಗೂ ಅದೇ ದಿನದಿಂದ ಇದೇ ಇಳಿತವು ದೊರೆಯಿತು. ತೆರಿಗೆಯಿಲ್ಲದೆ ೧ ಲಕ್ಷ ರೂಪಾಯಿ ಬೆಲೆಯ ಸಾಮಾನಿಗೆ ಮೊದಲು ೧,೧೨,೦೦೦ ರೂ. ಕೊಡಬೇಕಾಗಿದ್ದುದು ಈ ಇಳಿತದಿಂದ ೧,೦೫,೦೦೦ ರೂಪಾಯಿಗಳಿಗೆ ಬಂತು. ಇದಕ್ಕೆ ಲಾಭವಿರಬೇಕಾದುದಿಲ್ಲ, ಲೆಕ್ಕಪತ್ರ ಬೇಕಾಗಿಲ್ಲ, ಅರ್ಜಿಯೂ ಬೇಕಾಗಿಲ್ಲ. ಬೇಕಾದದ್ದು ಒಂದೇ: ಅಂಗಡಿಯವನಿಂದ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸಿದ ಬಿಲ್ಲನ್ನು ಕೇಳಿ ಪಡೆಯುವುದು. ಬಿಲ್ಲಿಲ್ಲದೆ ಕೊಂಡವನಿಗೆ ಇಳಿತವು ತನಗೆ ಬಂತೋ ಅಂಗಡಿಯವನ ಪೆಟ್ಟಿಗೆಗೆ ಹೋಯಿತೋ ತಿಳಿಯುವ ಮಾರ್ಗವಿಲ್ಲ.

೬. ಹಿಂದಿನ ಅನುಭವಗಳಿಂದ ತಿಳಿಯುವುದೇನು?

ಚಿತ್ರದುರ್ಗ, ಗದಗ ಮೊದಲಾದ ಜಿಲ್ಲೆಗಳ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳನ್ನು ವಾಚಕರು ನೋಡಿಯೇ ಇರುವರು. ಈ ದೇಶದಲ್ಲಿ ಅಂಥ ಯಂತ್ರಗಳು ಹೆಚ್ಚಲು ಸವಕಳಿಯ ರಿಯಾಯಿತಿಯು ಒಂದು ಮುಖ್ಯ ಕಾರಣ. ಸಕ್ಕರೆ, ಬಟ್ಟೆ ಮೊದಲಾದ ಬೇರೆ ವ್ಯಾಪಾರಗಳಲ್ಲಿ ಲಾಭಗಳಿಸಿದವರು ತೆರಿಗೆಯನ್ನು ಕಡಮೆಮಾಡಿಕೊಳ್ಳುವುದಕ್ಕಾಗಿಯೇ ಗಾಳಿಯಂತ್ರಗಳಲ್ಲಿ ಹಣವನ್ನು ಹಾಕಿದರು. ಯಂತ್ರವನ್ನು ನಿಲ್ಲಿಸಿದರೆ ಸಾಕು, ರಿಯಾಯಿತಿಯು ದೊರೆಯುತ್ತಿತ್ತು. ಅದು ಎಷ್ಟು ವಿದ್ಯುತ್ತನ್ನು ಕೊಟ್ಟಿತೆಂಬುದನ್ನು ರಿಯಾಯಿತಿಯು ಕೇಳುತ್ತಿರಲಿಲ್ಲ. ಈ ಕುಂದನ್ನು ಕಂಡು ೨೦೦೯ರಲ್ಲಿ ಸರ್ಕಾರದವರು ಮತ್ತೊಂದು ಮಾರ್ಗವನ್ನು ತೆರೆದರು: ಸವಕಳಿಯ ರಿಯಾಯಿತಿಯನ್ನು ಬಿಟ್ಟವರಿಗೆ, ಉತ್ಪಾದಿಸಿದ ಒಂದೊಂದು ಯೂನಿಟ್ಟಿಗೂ ೫೦ ಪೈಸೆಯಂತೆ, ಒಂದು ಮಿತಿಯವರೆಗೆ, ಪ್ರೋತ್ಸಾಹಧನ. ಇದು ಕೆಲಸವನ್ನು ಅಳೆದು ಕೊಡುವ ಕೂಲಿಯಂತೆ. ೨೦೧೨ನೆಯ ಮಾರ್ಚಿಯ ಕೊನೆಯಲ್ಲಿ ಈ ಎರಡೂ ನಿಂತುವು. ೨೦೧೧-೧೨ರಲ್ಲಿ ಸುಮಾರು ೩,೨೦೦ ಮೆಗಾವಾಟಿನಷ್ಟು ಹೊಸ ಗಾಳಿಯಂತ್ರಗಳು ಸೇರಿದ್ದುದು, ಮುಂದಿನ ವರ್ಷದಲ್ಲಿ ಸುಮಾರು ೧,೭೦೦ ಮೆಗಾವಾಟಿಗೆ ಇಳಿಯಿತು. ಆಮೇಲೆ ಪ್ರೋತ್ಸಾಹಧನವನ್ನು ೨೦೧೩ರಲ್ಲಿಯೂ, ಸವಕಳಿಯನ್ನು ೨೦೧೪ರಲ್ಲಿಯೂ ಪುನಃ ಕೊಟ್ಟರು. ಸರ್ಕಾರದ ರಿಯಾಯಿತಿಯು ಇಂದು ಇದ್ದು ನಾಳೆ ನಿಲ್ಲಬಹುದಾದ ವಸ್ತು. ಅದೊಂದನ್ನೇ ಆಧಾರವಾಗಿ ಇಟ್ಟುಕೊಂಡ ಉದ್ಯಮವು ಅದು ನಿಂತಾಗ ತಾನೂ ನಿಲ್ಲುತ್ತದೆಯೆಂಬುದನ್ನು ಇದರಿಂದ ಕಲಿಯಬೇಕು.

ಮತ್ತೊಂದು ಅನುಭವವು ನೀರಿನ ಉಪಕರದ್ದು. ೧೯೭೭ರ ಕಾಯಿದೆಯಿಂದ ಕಾರ್ಖಾನೆಗಳು ಉಪಯೋಗಿಸುವ ನೀರಿಗೆ ಉಪಕರವನ್ನು ವಿಧಿಸಿದ್ದರು. ಕೊಳಕು ನೀರನ್ನು ಶುದ್ಧಿಮಾಡುವ ಸ್ಥಾವರವನ್ನು ಹಾಕಿದವರಿಗೆ ಈ ಉಪಕರದಲ್ಲಿ ಶೇಕಡ ೨೫ ವಜಾ ದೊರೆಯುತ್ತಿತ್ತು; ನಿಗದಿಗಿಂತ ಹೆಚ್ಚು ನೀರನ್ನು ಬಳಸಿದವರಿಗೂ, ಶುದ್ಧಿಯ ಮಟ್ಟವನ್ನು ಮುಟ್ಟದವರಿಗೂ ಅದು ಸಲ್ಲುತ್ತಿರಲಿಲ್ಲ. ಕೆಲಸವನ್ನು ನೋಡಿ ರಿಯಾಯಿತಿಯನ್ನು ಕೊಡುವ ಈ ಕ್ರಮವು ಯೋಗ್ಯವಾದುದೇ. ಆದರೆ ಉಪಕರವೇ ಸಾವಿರ ಲೀಟರಿಗೆ ಕೆಲವು ಪೈಸೆಗಳಷ್ಟಾಗಿದ್ದಾಗ, ಅದರಲ್ಲಿ ಕಾಲುಭಾಗವನ್ನು ಉಳಿಸಿಕೊಳ್ಳುವುದಕ್ಕಾಗಿ ಯಾರು ತಾನೆ ಲಕ್ಷಗಟ್ಟಲೆ ಹಣವನ್ನು ವೆಚ್ಚಮಾಡಿಯಾರು? ಸರಕು ಮತ್ತು ಸೇವಾ ತೆರಿಗೆಯು ಬಂದ ೨೦೧೭ನೆಯ ಜುಲೈ ೧ರಿಂದ ಆ ಉಪಕರವೂ ಅದರೊಡನೆ ಆ ವಜಾವೂ ರದ್ದಾದುವು.

೭. ಎರಡು ಗ್ರಾಮಗಳಲ್ಲಿ ಕಂಡ ಸಂಗತಿ

ಪ್ರವಾಸದಲ್ಲಿ ನನಗೆ ಕಂಡುಬಂದ ಎರಡು ಸಂಗತಿಗಳನ್ನು ಇಲ್ಲಿ ಹೇಳುವುದು ಉಪಯುಕ್ತವಾಗಬಹುದು.

ನೀರಾವರಿಯ ಸೀಮೆಯ ಗ್ರಾಮವೊಂದರಲ್ಲಿ ಮೂವರು ಪಾಲುದಾರರು ಭತ್ತದ ಗಿರಣಿಯನ್ನು ನಡೆಸುತ್ತಿದ್ದರು. ಹೊಟ್ಟಿನಿಂದ ಅನಿಲವನ್ನು ಮಾಡಿ ಎಂಜಿನನ್ನು ನಡೆಸುವ ಯಂತ್ರವನ್ನು ಕೊಂಡರೆ ಅರ್ಧ ಹಣವು ತೆರಿಗೆಯಲ್ಲಿ ಹಿಂದಕ್ಕೆ ಬರುವುದೆಂದು ಯಾರೋ ಹೇಳಿದುದನ್ನು ನಂಬಿ, ಫೆಬ್ರವರಿಯ ಕೊನೆಯಲ್ಲಿ ೨೦ ಲಕ್ಷ ರೂಪಾಯಿಗಳ ಯಂತ್ರವನ್ನು ಸ್ಥಾಪಿಸಿದರು. ಒಬ್ಬ ಪಾಲುದಾರನ ಗದ್ದೆಯನ್ನು ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟರು. ೧೮೦ ದಿವಸಗಳ ನಿಬಂಧನೆಯಿಂದ ಸವಕಳಿಯು ಶೇಕಡ ೨೦ಕ್ಕೆ ಇಳಿದು ೪ ಲಕ್ಷವಾಯಿತು. ಗಿರಣಿಯ ಆ ವರ್ಷದ ಲಾಭವೇ ಎರಡೂವರೆ ಲಕ್ಷ. ಹೀಗಾಗಿ ತೆರಿಗೆಯಲ್ಲಿ ಉಳಿದದ್ದು ೭೫,೦೦೦ ರೂ. ಮಾತ್ರ, ಮಿಕ್ಕ ಸವಕಳಿಯು ಮುಂದಿನ ವರ್ಷಗಳಿಗೆ ದಾಟಿತು. ಇತ್ತ ಹೊಟ್ಟನ್ನು ಇಟ್ಟಿಗೆಯ ಗೂಡಿನವರಿಗೆ ಮೊದಲೇ ಒಪ್ಪಂದದ ಮೇಲೆ ಮಾರಿದ್ದರು. ಯಂತ್ರದ ಡಾಂಬರನ್ನು ತೆಗೆದು ಶುದ್ಧವಾಗಿಡಲು ಬಲ್ಲ ಆಳು ದೊರೆಯಲಿಲ್ಲ. ಅನಿಲವನ್ನು ತೊಳೆದ ಕಪ್ಪು ನೀರನ್ನು ಕಾಲುವೆಗೆ ಬಿಟ್ಟುದರಿಂದ ಕೆಳಗಿನ ಗದ್ದೆಯವರೊಡನೆ ವ್ಯಾಜ್ಯವೂ ಆಯಿತು. ಮೂರು ತಿಂಗಳು ನಡೆದು ಯಂತ್ರವು ನಿಂತಿತು, ಬಡ್ಡಿಯು ನಿಲ್ಲಲಿಲ್ಲ. ಕೊನೆಗೆ ಆ ಪಾಲುದಾರನು ಒಂದೂವರೆ ಎಕರೆ ಗದ್ದೆಯನ್ನು ಮಾರಬೇಕಾಯಿತು. ಪರಿಸರಕ್ಕೆ ಹಿತವೆಂದು ಹೆಸರಾದ ಯಂತ್ರವು ಅಲ್ಲಿ ಪರಿಸರವನ್ನೂ ಕಾಯಲಿಲ್ಲ, ಮನೆಯನ್ನೂ ಕಾಯಲಿಲ್ಲ.

ಎರಡನೆಯದು ತೆಂಗಿನ ಸೀಮೆಯದು. ಜಮೀನಿನ ಒಡೆಯರೊಬ್ಬರು ನಾರಿನ ಕಾರ್ಖಾನೆಯನ್ನು ನ‍ಡೆಸುತ್ತಿದ್ದರು. ನಾರನ್ನು ತೆಗೆದ ಮೇಲೆ ಉಳಿದ ಹುಡಿಯು ಗುಡ್ಡದಂತೆ ಬಿದ್ದು, ಮಳೆಗಾಲದಲ್ಲಿ ಅದರಿಂದ ಇಳಿದ ಕೆಂಪು ನೀರು ಊರ ಕಟ್ಟೆಗೆ ಸೇರಿ, ದನಗಳು ಆ ನೀರನ್ನು ಮುಟ್ಟದಂತಾಗಿದ್ದವು. ಊರಿನವರ ದೂರು ಹೆಚ್ಚಿದ ಮೇಲೆ ಅವರು ಹುಡಿಯನ್ನು ಗೊಬ್ಬರಮಾಡಲು ನಿಶ್ಚಯಿಸಿದರು. ಒಂದು ಟನ್ನು ಹುಡಿಗೆ ೫ ಕಿಲೋ ಯೂರಿಯಾವನ್ನೂ, ಚಿಪ್ಪು ಅಣಬೆಯ ಬೀಜವನ್ನೂ ಪದರಪದರವಾಗಿ ಸೇರಿಸಿ, ನೆರಳಿನಲ್ಲಿ ತೇವವಾಗಿಟ್ಟರೆ ಒಂದು ತಿಂಗಳಿನಿಂದ ನಲವತ್ತು ದಿವಸಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಗೊಬ್ಬರಕ್ಕೆ ಬೇರೆಯೇ ಒಂದು ಖಾತೆ ಪುಸ್ತಕವನ್ನಿಟ್ಟು, ವರ್ಷದ ಮೊದಲಲ್ಲಿಯೇ ಕೆಲಸವನ್ನು ಆರಂಭಿಸಿದರು. ಮೊದಲನೆಯ ವರ್ಷ ಲಾಭವಿರಲಿಲ್ಲ. ಎರಡನೆಯ ವರ್ಷದಿಂದ ಸಸ್ಯಕ್ಷೇತ್ರದವರು ಕೊಳ್ಳಲು ಬಂದರು. ಎರಡು ಕ್ರಮಗಳ ತೆರಿಗೆಯನ್ನೂ ಹೋಲಿಸಿ ನೋಡಿ, ತಮ್ಮ ಮಟ್ಟಿಗೆ ಹಳೆಯ ಕ್ರಮವೇ ಅನುಕೂಲವೆಂದು ಕಂಡುಕೊಂಡು, ಉಳಿದ ವರ್ಷಗಳ ವಿನಾಯಿತಿಯನ್ನು ಪಡೆದರು. “ವಿನಾಯಿತಿ ಬಂದದ್ದು ಸಂತೋಷ, ಬಾರದಿದ್ದರೂ ಈ ಕೆಲಸವನ್ನು ಬಿಡುತ್ತಿರಲಿಲ್ಲ” ಎಂದು ಅವರು ಹೇಳಿದರು. ಕಟ್ಟೆಯ ನೀರನ್ನು ದನಗಳು ಈಗ ಕುಡಿಯುತ್ತವೆ.

೮. ಮುಖಂಡರೂ ಒಡೆಯರೂ ಮಾಡತಕ್ಕದ್ದು

ಯಾವನಾದರೂ ಇಂಥ ಯಂತ್ರಕ್ಕೆ ಹಣವನ್ನು ಹಾಕುವೆನೆಂದು ಸಲಹೆ ಕೇಳಲು ಬಂದರೆ, ಗ್ರಾಮದ ಮುಖಂಡರು ಅವನಿಗೆ ಈ ಮುಂದಿನ ಪ್ರಶ್ನೆಗಳನ್ನು ಕೇಳತಕ್ಕದ್ದು.

(೧) ರಿಯಾಯಿತಿಯು ಏನೂ ಇಲ್ಲವೆಂದು ಭಾವಿಸಿದರೂ ಈ ಯಂತ್ರವು ಸೌದೆ, ಡೀಸೆಲ್, ವಿದ್ಯುತ್ತು, ಕೂಲಿ ಇವುಗಳ ಉಳಿತಾಯದಿಂದ ತನ್ನ ಸಾಲವನ್ನು ತೀರಿಸಬಲ್ಲುದೇ?

(೨) ಕಳೆದ ಮೂರು ವರ್ಷಗಳಲ್ಲಿ ನೀನು ನಿಜವಾಗಿ ಕೊಟ್ಟ ವರಮಾನ ತೆರಿಗೆ ಎಷ್ಟು? ಏನೂ ಇಲ್ಲವಾದರೆ ಸವಕಳಿಯ ಮಾತನ್ನು ಬಿಟ್ಟು, ಸಹಾಯಧನವನ್ನು ವಿಚಾರಿಸು.

(೩) ಯಂತ್ರವು ವರ್ಷದ ಯಾವ ತಿಂಗಳಲ್ಲಿ ಕೆಲಸಕ್ಕೆ ಬರುತ್ತದೆ?

(೪) ಅದಕ್ಕೆ ಬೇಕಾದ ಕಚ್ಚಾ ಮಾಲು, ನಡೆಸಬಲ್ಲ ಆಳು, ದುರಸ್ತಿಯ ಅನುಕೂಲ ಇವು ಹತ್ತಿರದಲ್ಲಿ ಉಂಟೇ? ಅದರಿಂದ ಹೊರಡುವ ನೀರು, ಬೂದಿಗಳು ಎಲ್ಲಿಗೆ ಹೋಗುತ್ತವೆ?

(೫) ಬಿಲ್ಲು, ಬ್ಯಾಂಕಿನ ಮೂಲಕ ಹಣಕೊಟ್ಟ ದಾಖಲೆ, ಯಂತ್ರವು ಕೆಲಸವನ್ನಾರಂಭಿಸಿದ ದಿನದ ದಾಖಲೆ ಇವನ್ನು ಇಟ್ಟುಕೊಳ್ಳುವೆಯಾ?

(೬) ಮಾರುವವನು ಹೇಳಿದ ರಿಯಾಯಿತಿಯನ್ನು, ಅವನಿಂದ ಸಂಬಳವನ್ನಾಗಲಿ ದಲ್ಲಾಳಿಯನ್ನಾಗಲಿ ಪಡೆಯದ ಲೆಕ್ಕಪರಿಶೋಧಕರೊಬ್ಬರಿಗೆ ತೋರಿಸಿ, ಚಾಲ್ತಿಯಲ್ಲಿರುವ ದರಗಳನ್ನು ಕೇಳಿದೆಯಾ?

ಈ ಆರಕ್ಕೂ ತೃಪ್ತಿಕರವಾದ ಉತ್ತರವು ದೊರೆತರೆ ಮುಂದುವರಿಯಲು ಹಿಂಜರಿಯಬೇಕಾದುದಿಲ್ಲ. ನೆಲ, ನೀರು, ಗಾಳಿಗಳು ಕೆಟ್ಟರೆ ಮೊದಲು ನಷ್ಟವಾಗುವುದು ಬೇಸಾಯಗಾರನಿಗೇ. ಗಿರಣಿಯ ಬೂದಿಯು ಬೀಳುವುದು ಅವನ ಬೆಳೆಯ ಮೇಲೆ, ಕೊಳಕು ನೀರು ಇಳಿಯುವುದು ಅವನ ಬಾವಿಗೆ. ಆದುದರಿಂದ ಗ್ರಾಮದ ಉದ್ಯಮವು ಶುದ್ಧವಾಗಿ ನಡೆಯುವುದು ತೆರಿಗೆಯ ಲೆಕ್ಕವಿಲ್ಲದೆಯೂ ನಮಗೆ ಬೇಕಾದುದೇ. ರಿಯಾಯಿತಿಯು ಈ ಕಾರ್ಯದಲ್ಲಿ ಇಳಿಜಾರಿನಲ್ಲಿ ಬಂಡಿಗೆ ಕೊಟ್ಟ ಕೈಯಂತೆ ಸಹಾಯಕವಾಗುತ್ತದೆ; ಬಂಡಿಯನ್ನು ಎಳೆಯುವ ಎತ್ತು ಅದಲ್ಲ. ಗ್ರಾಮದ ಮುಖಂಡರು ಈ ಭೇದವನ್ನು ತಮ್ಮ ಊರಿನವರಿಗೆ ತಿಳಿಯಹೇಳಿ, ತೆರಿಗೆಯ ಆಸೆಯಿಂದ ಯಾರೂ ಭೂಮಿಯನ್ನು ಒತ್ತೆಯಿಡದಂತೆಯೂ, ನಿಜವಾಗಿ ಸಲ್ಲತಕ್ಕ ರಿಯಾಯಿತಿಯನ್ನು ಅಜ್ಞಾನದಿಂದ ಯಾರೂ ಕಳೆದುಕೊಳ್ಳದಂತೆಯೂ ನೋಡಿಕೊಳ್ಳುವರೆಂದು ನಂಬಿದ್ದೇನೆ.